ಮನಸ್ಸು ಮೊದಲೋ, ನಡೆ ಮೊದಲೋ?

ನಮ್ಮ ಕಾಲೇಜಿನಲ್ಲಿ 'ಆಟಿಟ್ಯೂಡ್' ಎಂಬ ಪದಕ್ಕೆ ಒಂದೇ ಅರ್ಥ. ಯಾರಾದರೂ ಕಾಲರ್ ಎತ್ತಿಕೊಂಡು ಓಡಾಡಿದರೆ, ಕರೆದರೂ ತಿರುಗಿ ನೋಡದೆ ಹೋದರೆ, 'ಅವನಿಗೆ ಬಹಳ ಆಟಿಟ್ಯೂಡ್' ಅನ್ನುತ್ತೇವೆ. ಮನಶ್ಶಾಸ್ತ್ರದಲ್ಲಿ ಈ ಪದಕ್ಕೆ ಬೇರೆ ಅರ್ಥವಿದೆ. ಒಬ್ಬ ವ್ಯಕ್ತಿ, ಒಂದು ಗುಂಪು, ಒಂದು ವಸ್ತು, ಒಂದು ಭಾಷೆ, ಹೀಗೆ ಯಾವುದರ ಬಗ್ಗೆಯಾದರೂ ನಮ್ಮೊಳಗೆ ನೆಲೆಯೂರಿರುವ 'ಒಳ್ಳೆಯದು, ಕೆಟ್ಟದ್ದು', 'ಬೇಕು, ಬೇಡ' ಎಂಬ ತೀರ್ಮಾನವೇ ಆಟಿಟ್ಯೂಡ್. ಕನ್ನಡದಲ್ಲಿ ಇದನ್ನು ಮನೋಭಾವ ಎನ್ನಬಹುದು.

ಕಾಮರ್ಸ್ ಓದುವವರಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಬಿಸಿನೆಸ್ ಸ್ಟಡೀಸ್‌ನಲ್ಲಿ ನಾವು ಓದುವ ಜಾಹೀರಾತು, ಬ್ರ್ಯಾಂಡ್, ಮಾರಾಟ ಎಲ್ಲವೂ ಗ್ರಾಹಕರ ಮನೋಭಾವದ ಮೇಲೆಯೇ ನಿಂತಿವೆ. ಅದಕ್ಕಿಂತ ದೊಡ್ಡ ಕಾರಣವೂ ಇದೆ. ಇನ್ನು ಕೆಲವೇ ವರ್ಷಗಳಲ್ಲಿ ನಾವು ಕೆಲಸಕ್ಕೆ ಅರ್ಜಿ ಹಾಕುತ್ತೇವೆ, ಬೇರೆ ಊರಿನಲ್ಲಿ ಬಾಡಿಗೆ ರೂಮ್ ಹುಡುಕುತ್ತೇವೆ. ಆಗ ನಮ್ಮ ಹೆಸರು ಓದಿದವರ ಮನಸ್ಸಿನಲ್ಲಿ ಏನಿದೆ ಎಂಬುದು ನಮ್ಮ ಜೀವನದ ಪ್ರಶ್ನೆಯಾಗುತ್ತದೆ. ಹಾಗೆಯೇ ಬೇರೆಯವರ ಬಗ್ಗೆ ನಮ್ಮ ಮನಸ್ಸಿನಲ್ಲಿ ಏನಿದೆ ಎಂಬುದೂ ಇನ್ನೊಬ್ಬರ ಜೀವನದ ಪ್ರಶ್ನೆ.

ಮೊದಲು ಮನಸ್ಸು ಬದಲಾಗಬೇಕು, ಆಮೇಲೆ ನಡವಳಿಕೆ ತಾನಾಗಿಯೇ ಬದಲಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದ್ದರಿಂದಲೇ ಇಷ್ಟೊಂದು ಭಾಷಣ, ಬ್ಯಾನರ್, ಪ್ರತಿಜ್ಞೆಗಳು. ಆದರೆ ಕಳೆದ ಸುಮಾರು ತೊಂಬತ್ತು ವರ್ಷಗಳ ಪ್ರಯೋಗಗಳನ್ನು ನೋಡಿದರೆ ಎದುರು ದಿಕ್ಕಿನ ದಾರಿಯೂ ಅಷ್ಟೇ ಗಟ್ಟಿಯಾಗಿ ಕಾಣುತ್ತದೆ. ಎಷ್ಟೋ ಸಲ ನಡವಳಿಕೆ ಮೊದಲು ಬದಲಾಗುತ್ತದೆ, ಮನಸ್ಸು ಅದರ ಹಿಂದೆ ಬರುತ್ತದೆ.

ಮನೋಭಾವದ ಮೂರು ಭಾಗಗಳು

ಮನೋಭಾವದಲ್ಲಿ ಯೋಚನೆ, ಭಾವನೆ, ವರ್ತನೆ ಎಂಬ ಮೂರು ಭಾಗಗಳಿರುತ್ತವೆ. ಕನ್ನಡವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನನ್ನ ಮನೆಮಾತು ಉರ್ದು, ನಮ್ಮ ಕ್ಲಾಸಿನಲ್ಲಿ ಅನೇಕರದ್ದೂ ಅದೇ. 'ಕನ್ನಡ ಕಷ್ಟ, ಒತ್ತಕ್ಷರ ನೆನಪಿರುವುದಿಲ್ಲ' ಎನ್ನುವುದು ಯೋಚನೆ. ಪಾಠ ಓದಲು ಮೇಡಂ ಎಬ್ಬಿಸಿದಾಗ ಎದೆ ಡವಡವ ಎನ್ನುವುದು ಭಾವನೆ. ಆ ಪೀರಿಯಡ್ ಬಂದ ಕೂಡಲೇ ಹಿಂದಿನ ಬೆಂಚಿಗೆ ಹೋಗಿ ಕೂರುವುದು ವರ್ತನೆ. ಹಿಂದೆ ಕೂತವರನ್ನು ಓದಲು ಎಬ್ಬಿಸುವುದು ಕಡಿಮೆ. ಓದದಿದ್ದರೆ ಒತ್ತಕ್ಷರ ಬರುವುದಿಲ್ಲ. ಆಗ 'ಕನ್ನಡ ಕಷ್ಟ' ಎಂಬ ಯೋಚನೆ ನಿಜವೇ ಎಂದು ಇನ್ನೂ ಗಟ್ಟಿಯಾಗುತ್ತದೆ. ಈ ಮೂರೂ ಹೀಗೆ ಒಂದನ್ನೊಂದು ಹಿಡಿದುಕೊಂಡು ಸುತ್ತುತ್ತವೆ.

ಎಲ್ಲಿಂದ ಬರುತ್ತದೆ?

ಮನೋಭಾವ ಬರುವ ಮೊದಲ ದಾರಿ ಕಿವಿ. ದಾದಿ ಹೇಳಿದ್ದು, ಖಾಲಾ ಹೇಳಿದ್ದು, ಓಣಿಯಲ್ಲಿ ಕೇಳಿದ್ದು. 'ಆ ಜನ ಹಾಗೆ', 'ಆ ಏರಿಯಾದವರನ್ನು ನಂಬಬಾರದು' ಎಂಬ ಎಷ್ಟೋ ತೀರ್ಮಾನಗಳು ಆ ಜನರಲ್ಲಿ ಒಬ್ಬರನ್ನೂ ಭೇಟಿಯಾಗುವ ಮೊದಲೇ ನಮಗೆ ಸಿಕ್ಕಿರುತ್ತವೆ. ಎರಡನೆಯದು ಜೋಡಣೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ನಾಯಿಗಳು ಊಟದ ಮುನ್ಸೂಚನೆ ಸಿಕ್ಕಿದರೆ ಸಾಕು, ಊಟ ಬರುವ ಮೊದಲೇ ಜೊಲ್ಲು ಸುರಿಸಲು ಕಲಿತವು. ಕ್ರಿಕೆಟ್ ಆಟಗಾರನ ಕೈಯಲ್ಲಿ ಕೂಲ್ ಡ್ರಿಂಕ್ ಬಾಟಲಿ ಕೊಟ್ಟು ಜಾಹೀರಾತು ಮಾಡುವುದೂ ಇದೇ ಲೆಕ್ಕದಲ್ಲಿ. ಆಟಗಾರನ ಮೇಲಿರುವ ಪ್ರೀತಿ ಬಾಟಲಿಗೂ ಅಂಟಿಕೊಳ್ಳುತ್ತದೆ.

ಮೂರನೆಯದು ಮತ್ತೆ ಮತ್ತೆ ಕಾಣುವುದು. ಅಮೆರಿಕದ ರಾಬರ್ಟ್ ಝಾಯೋನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಅರ್ಥವಿಲ್ಲದ ಪದಗಳನ್ನೂ ಚೀನೀ ಲಿಪಿಯಂತೆ ಕಾಣುವ ಚಿಹ್ನೆಗಳನ್ನೂ ತೋರಿಸಿದರು. ಕೆಲವನ್ನು ಒಂದೆರಡು ಸಲ, ಕೆಲವನ್ನು 25 ಸಲ. ಹೆಚ್ಚು ಸಲ ಕಂಡವುಗಳಿಗೆ ಒಳ್ಳೆಯ ಅರ್ಥವೇ ಇರಬೇಕೆಂದು ಜನ ಊಹಿಸಿದರು. ಬೇರೆ ಯಾವ ಕಾರಣವೂ ಇರಲಿಲ್ಲ, ಕಣ್ಣಿಗೆ ಪರಿಚಯವಾಗಿತ್ತು ಅಷ್ಟೇ. ಸಿಮೆಂಟ್ ಕಂಪನಿಗಳು ಹಳ್ಳಿಯ ಗೋಡೆಗಳ ಮೇಲೆಲ್ಲ ಹೆಸರು ಬರೆಸುವುದು ಸುಮ್ಮನೆ ಅಲ್ಲ.

ನಾಲ್ಕನೆಯ ದಾರಿಯನ್ನು ಸ್ವಲ್ಪ ನಿಂತು ನೋಡಬೇಕು. ಸಮಾಜ ಯಾರಿಗೆ ಎಷ್ಟು ಬೆಲೆ ಕಟ್ಟಿದೆಯೋ ಅದನ್ನೇ ನಾವೂ ಒಪ್ಪಿಕೊಂಡುಬಿಡುವುದು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಇಂಗ್ಲಿಷ್ ಮಾತಾಡುವವರೂ ಫ್ರೆಂಚ್ ಮಾತಾಡುವವರೂ ಇದ್ದಾರೆ. ಆ ಕಾಲಕ್ಕೆ ಅಲ್ಲಿ ದೊಡ್ಡ ಕಂಪನಿಗಳು, ದೊಡ್ಡ ಹುದ್ದೆಗಳು ಹೆಚ್ಚಾಗಿ ಇಂಗ್ಲಿಷಿನವರ ಕೈಯಲ್ಲಿದ್ದವು. ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ವಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಎರಡೂ ಭಾಷೆ ಚೆನ್ನಾಗಿ ಬಲ್ಲವರಿಂದ ಒಂದೇ ವಿಷಯವನ್ನು ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಫ್ರೆಂಚಿನಲ್ಲಿ ಓದಿಸಿ ರೆಕಾರ್ಡ್ ಮಾಡಿದರು. ಎರಡೂ ಒಬ್ಬರದೇ ದನಿ ಎಂದು ಕೇಳುವವರಿಗೆ ಹೇಳಲಿಲ್ಲ. ಬರೀ ದನಿ ಕೇಳಿ ಈ ಮನುಷ್ಯ ಬುದ್ಧಿವಂತನೇ, ನಂಬಬಹುದೇ, ನೋಡಲು ಹೇಗಿರಬಹುದು ಎಂದು ಅಂಕ ಕೊಡಲು ಹೇಳಿದರು. 1960ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚಿನ ಗುಣಗಳಲ್ಲಿ ಇಂಗ್ಲಿಷ್ ದನಿಗೇ ಹೆಚ್ಚು ಅಂಕ. ಇಂಗ್ಲಿಷಿನವರು ಹಾಗೆ ಕೊಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ ಫ್ರೆಂಚ್ ವಿದ್ಯಾರ್ಥಿಗಳೂ ತಮ್ಮದೇ ಭಾಷೆಯ ದನಿಗೆ ಕಡಿಮೆ ಅಂಕ ಕೊಟ್ಟಿದ್ದರು. ಆ ವ್ಯತ್ಯಾಸ ಅವರಲ್ಲೇ ಹೆಚ್ಚಾಗಿತ್ತು.

ನಮಗೆ ಇದು ದೂರದ ಕಥೆಯಲ್ಲ. ನಮ್ಮ ಮನೆಗಳಲ್ಲಿ ಆಡುವುದು ದಖನಿ. 'ನಕೋ', 'ಕೈಕು', 'ಹೌ' ಇಲ್ಲದೆ ನಮ್ಮ ಮಾತು ಮುಂದೆ ಹೋಗುವುದಿಲ್ಲ. ಆದರೆ ಉತ್ತರದ ಕಡೆಯ ನೆಂಟರು ಬಂದರೆ ತಕ್ಷಣ ಮಾತು ಬದಲಾಯಿಸುತ್ತೇವೆ. 'ನಮ್ಮದು ಸರಿಯಾದ ಉರ್ದು ಅಲ್ಲ' ಎಂದು ನಾವೇ ಹೇಳುತ್ತೇವೆ. ಉತ್ತರ ಕರ್ನಾಟಕದ ಗೆಳೆಯರು ಬೆಂಗಳೂರಿಗೆ ಹೋದಾಗ ತಮ್ಮ ಕನ್ನಡದ ಬಗ್ಗೆ ಹೀಗೇ ಹಿಂಜರಿಯುತ್ತಾರೆ. ಬೇರೆಯವರು ನಮ್ಮನ್ನು ಕೀಳಾಗಿ ನೋಡಿದಾಗ ಒಂದು ನಷ್ಟವಾಗುತ್ತದೆ. ಆ ನೋಟವನ್ನೇ ನಾವು ಒಪ್ಪಿಕೊಂಡಾಗ ಅದು ಎರಡು ಪಟ್ಟು ಆಗುತ್ತದೆ.

ಹೇಳುವುದು ಒಂದು, ಮಾಡುವುದು ಒಂದು

ಮನಸ್ಸಿನಲ್ಲಿ ಇದ್ದದ್ದೇ ಕೈಯಲ್ಲಿ ಬರುತ್ತದೆಯೇ? ಅಮೆರಿಕದ ರಿಚರ್ಡ್ ಲಾಪಿಯರ್ 1930ರ ಸುಮಾರಿಗೆ ಚೀನೀ ದಂಪತಿಯೊಬ್ಬರ ಜೊತೆ ಕಾರಿನಲ್ಲಿ ಅಮೆರಿಕ ಸುತ್ತಿದರು. ಆಗ ಅಲ್ಲಿ ಚೀನೀಯರ ಬಗ್ಗೆ ಬಹಳ ದ್ವೇಷವಿತ್ತು. ಅವರು ಒಟ್ಟು 251 ಹೋಟೆಲು, ವಸತಿಗೃಹಗಳಿಗೆ ಹೋದರು. ಒಂದೇ ಒಂದು ಕಡೆ ಮಾತ್ರ ಒಳಗೆ ಬಿಡಲಿಲ್ಲ. ಆರು ತಿಂಗಳ ನಂತರ ಲಾಪಿಯರ್ ಅದೇ ಜಾಗಗಳಿಗೆ ಪತ್ರ ಬರೆದು 'ಚೀನೀಯರನ್ನು ಅತಿಥಿಗಳಾಗಿ ಸೇರಿಸಿಕೊಳ್ಳುತ್ತೀರಾ' ಎಂದು ಕೇಳಿದರು. 128 ಕಡೆಯಿಂದ ಉತ್ತರ ಬಂತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ 'ಇಲ್ಲ' ಎಂದಿದ್ದರು. ಈ ಅಧ್ಯಯನ 1934ರಲ್ಲಿ ಪ್ರಕಟವಾಯಿತು. ಉತ್ತರ ಬರೆದವರೂ ಕೌಂಟರಿನಲ್ಲಿ ಕೂತವರೂ ಬೇರೆ ಬೇರೆಯವರಾಗಿರಬಹುದು ಎಂಬ ಟೀಕೆ ಇದೆ, ಅದು ಸರಿಯೂ ಹೌದು. ಆದರೂ ಒಂದು ಮಾತು ಉಳಿಯುತ್ತದೆ. ಕಾಗದದ ಮೇಲೆ 'ಚೀನೀಯ' ಎಂದರೆ ಮನಸ್ಸಿನಲ್ಲಿರುವ ಒಂದು ಚಿತ್ರ. ಬಾಗಿಲಲ್ಲಿ ನಿಂತವರು ಬ್ಯಾಗು ಹಿಡಿದ, ನಗುಮುಖದ ಇಬ್ಬರು ಗ್ರಾಹಕರು.

ನಮ್ಮ ದೇಶದಲ್ಲಿ ಇದಕ್ಕೆ ಉಲ್ಟಾ ಉದಾಹರಣೆ ಸಿಗುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2005ರ ಅಕ್ಟೋಬರ್‌ನಿಂದ 66 ವಾರಗಳ ಕಾಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸಗಳ 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳಿಸಿದರು. ವಿದ್ಯಾರ್ಹತೆ, ಅನುಭವ ಒಂದೇ ಮಟ್ಟದ್ದು. ಹೆಸರು ಮಾತ್ರ ಬೇರೆ: ಕೆಲವು ಮೇಲ್ಜಾತಿ ಹಿಂದೂ ಹೆಸರು, ಕೆಲವು ದಲಿತ ಹೆಸರು, ಕೆಲವು ಮುಸ್ಲಿಂ ಹೆಸರು. ಮುಂದಿನ ಹಂತಕ್ಕೆ ಕರೆ ಬರುವ ಸಂಭವವನ್ನು ಮೇಲ್ಜಾತಿ ಹೆಸರಿಗೆ 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33. 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನು ಮಾತಾಡಿಸಿದರು. ಅವರೆಲ್ಲರೂ ಹೇಳಿದ್ದು ಒಂದೇ: ನಾವು ನೋಡುವುದು ಪ್ರತಿಭೆ ಮಾತ್ರ. ಆದರೆ ಸಂದರ್ಶನದಲ್ಲಿ 'ಕುಟುಂಬದ ಹಿನ್ನೆಲೆ ಏನು' ಎಂದು ಕೇಳುವುದೂ ಅವರಲ್ಲಿ ಮಾಮೂಲಾಗಿತ್ತು. ಲಾಪಿಯರ್ ಕಂಡವರ ಬಾಯಿ ಕಹಿ, ನಡೆ ಮೃದು. ಇಲ್ಲಿ ಬಾಯಿ ಸಿಹಿ, ಲೆಕ್ಕ ಬೇರೆ. ಸರ್ಕಾರಿ ಕೆಲಸದಲ್ಲಿ ಧರ್ಮ, ಜಾತಿ ನೋಡಿ ಭೇದ ಮಾಡಬಾರದೆಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. ಈ ಅಧ್ಯಯನ ನಡೆದದ್ದು ಖಾಸಗಿ ಕೆಲಸಗಳ ಬಗ್ಗೆ.

ಹಾಗಾದರೆ ಮನೋಭಾವ ಯಾವಾಗ ನಡವಳಿಕೆಯಾಗುತ್ತದೆ? ಐಸೆಕ್ ಆಜ್ಜೆನ್ ಎಂಬ ಮನಶ್ಶಾಸ್ತ್ರಜ್ಞರು ಮೂರು ವಿಷಯ ನೋಡಬೇಕು ಎನ್ನುತ್ತಾರೆ. ನನಗೆ ಇದು ಇಷ್ಟವೇ? ನನಗೆ ಬೇಕಾದವರು ಏನನ್ನುತ್ತಾರೆ? ಇದನ್ನು ಮಾಡಲು ನನ್ನಿಂದ ಆಗುತ್ತದೆಯೇ? ಮಗಳನ್ನು ಬಿ.ಕಾಂ ಓದಿಸಬೇಕು ಎಂದು ಮನಸ್ಸಿರುವ ತಂದೆಯೊಬ್ಬರನ್ನು ಯೋಚಿಸಿ. ಇಷ್ಟ ಇದೆ. ಆದರೆ ಮೊಹಲ್ಲಾದಲ್ಲಿ 'ಲೋಗ್ ಕ್ಯಾ ಕಹೇಂಗೇ' ಎಂಬ ಅಂಜಿಕೆ. ಕನ್ನಡದಲ್ಲಿ ಇದನ್ನೇ 'ನಾಲ್ಕು ಜನ ಏನಂತಾರೆ' ಅನ್ನುತ್ತಾರೆ, ಆ ನಾಲ್ಕು ಜನ ಎಲ್ಲ ಭಾಷೆಯಲ್ಲೂ ಇದ್ದಾರೆ. ಜೊತೆಗೆ ಸಂಜೆ ಐದರ ನಂತರ ಊರಿಗೆ ಬಸ್ ಇಲ್ಲ. ಈ ತಂದೆಗೆ ಹೆಣ್ಣುಮಕ್ಕಳ ಶಿಕ್ಷಣದ ಮಹತ್ವದ ಬಗ್ಗೆ ಇನ್ನೊಂದು ಭಾಷಣ ಕೇಳಿಸಿದರೆ ಪ್ರಯೋಜನವಿಲ್ಲ. ಪಕ್ಕದ ಮನೆಯ ಹುಡುಗಿಯೂ ಜೊತೆಗೆ ಸೇರಿದರೆ, ಒಂದು ಬಸ್ ಬಂದರೆ, ಮಗಳು ಕಾಲೇಜಿಗೆ ಹೋಗುತ್ತಾಳೆ.

ಭಾಷಣಕ್ಕಿಂತ ಚರ್ಚೆ, ಚರ್ಚೆಗಿಂತ ಕೆಲಸ

ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದಲ್ಲಿ ಮಾಂಸದ ಕೊರತೆ ಬಂತು. ಪ್ರಾಣಿಯ ಹೃದಯ, ಮೂತ್ರಪಿಂಡ ಮುಂತಾದ ಭಾಗಗಳನ್ನೂ ಅಡುಗೆಗೆ ಬಳಸಿ ಎಂದು ಗೃಹಿಣಿಯರನ್ನು ಒಪ್ಪಿಸಬೇಕಿತ್ತು. ಅವರಿಗೆ ಅದು ಅಸಹ್ಯ. ಬಕ್ರೀದ್ ದಿನ ಮೊದಲು ಒಲೆ ಮೇಲೆ ಏರುವ ಕಲೇಜಿಗೆ ಮಕ್ಕಳು ಜಗಳವಾಡುವ ನಮ್ಮ ಮನೆಗಳಲ್ಲಿ ಇದನ್ನು ಕೇಳಿದರೆ ನಗು ಬರಬಹುದು. ಇಷ್ಟ, ಅಸಹ್ಯ ಎರಡೂ ಕಲಿತದ್ದೇ ಎನ್ನುವುದಕ್ಕೆ ಇದೇ ಸಾಕ್ಷಿ. ಕರ್ಟ್ ಲೆವಿನ್ ಕೆಲವು ಮಹಿಳೆಯರಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದರು. ಇನ್ನು ಕೆಲವರನ್ನು ಗುಂಪಾಗಿ ಕೂರಿಸಿ, ತಾವೇ ಚರ್ಚಿಸಿ ತೀರ್ಮಾನಿಸುವಂತೆ ಮಾಡಿದರು. ಮೊದಲು ಎಂದೂ ಮಾಡದ ಮಾಂಸವನ್ನು ಆಮೇಲೆ ಮನೆಯಲ್ಲಿ ಮಾಡಿದವರು ಉಪನ್ಯಾಸ ಕೇಳಿದವರಲ್ಲಿ ಶೇ. 3, ಚರ್ಚಿಸಿದವರಲ್ಲಿ ಶೇ. 32.

ಇದಕ್ಕಿಂತ ವಿಚಿತ್ರವಾದದ್ದು ಲಿಯಾನ್ ಫೆಸ್ಟಿಂಜರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ 1959ರಲ್ಲಿ ಪ್ರಕಟಿಸಿದ ಪ್ರಯೋಗ. ಕಾಲೇಜು ಹುಡುಗರಿಗೆ ಒಂದು ಗಂಟೆ ಮಹಾ ಬೇಸರದ ಕೆಲಸ ಕೊಟ್ಟರು. ಹಲಗೆಯ ಮೇಲಿನ ಗೂಟಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗುವುದು ಅಂಥದ್ದೊಂದು. ಮುಗಿದ ಮೇಲೆ, ಹೊರಗೆ ಕಾಯುತ್ತಿರುವವರಿಗೆ 'ಕೆಲಸ ಬಹಳ ಮಜವಾಗಿತ್ತು' ಎಂದು ಹೇಳಲು ಕೇಳಿಕೊಂಡರು. ಹಾಗೆ ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್. ಕೊನೆಗೆ 'ನಿಜಕ್ಕೂ ಹೇಗಿತ್ತು' ಎಂದು ಕೇಳಿದಾಗ 20 ಡಾಲರ್ ಪಡೆದವರು ಬೇಸರವೇ ಎಂದರು. 1 ಡಾಲರ್ ಪಡೆದವರು ಪರವಾಗಿಲ್ಲ, ಚೆನ್ನಾಗಿತ್ತು ಎಂದರು. ಕಾಮರ್ಸ್ ಲೆಕ್ಕದಲ್ಲಿ ಇದು ತಪ್ಪು ಎಂಟ್ರಿಯಂತೆ ಕಾಣುತ್ತದೆ. ಆದರೆ ಮನಸ್ಸಿನ ಲೆಕ್ಕ ಹೀಗಿದೆ: 20 ಡಾಲರ್ ಸಿಕ್ಕವನಿಗೆ ಸುಳ್ಳು ಹೇಳಲು ಒಂದು ಕಾರಣವಿದೆ, ಬ್ಯಾಲೆನ್ಸ್ ಆಯಿತು. 1 ಡಾಲರ್ ಸಿಕ್ಕವನಿಗೆ ಅಂಥ ಕಾರಣವಿಲ್ಲ. ಹೇಳಿದ ಮಾತಿಗೂ ಒಳಗಿನ ಅನಿಸಿಕೆಗೂ ತಿಕ್ಕಾಟ ಆಗುತ್ತದೆ. ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲಾಗದು, ಆದ್ದರಿಂದ ಅನಿಸಿಕೆಯೇ ಬದಲಾಗುತ್ತದೆ. ಈ ತಿಕ್ಕಾಟಕ್ಕೆ ಫೆಸ್ಟಿಂಜರ್ 'ಕಾಗ್ನಿಟಿವ್ ಡಿಸೊನೆನ್ಸ್' ಎಂದು ಹೆಸರಿಟ್ಟರು.

ಇದರಿಂದ ಎರಡು ಪಾಠಗಳಿವೆ. ಬಲವಂತದಿಂದ, ಫೈನ್ ಹಾಕಿ, ದುಡ್ಡು ಕೊಟ್ಟು ಮಾಡಿಸಿದರೆ ಕೆಲಸ ನಡೆಯುತ್ತದೆ, ಮನಸ್ಸು ಬದಲಾಗುವುದಿಲ್ಲ. ತಾನಾಗಿ ಒಪ್ಪಿ ಮಾಡಿದ ಚಿಕ್ಕ ಕೆಲಸ ಮನಸ್ಸನ್ನೂ ಎಳೆದುಕೊಂಡು ಹೋಗುತ್ತದೆ. ಎರಡನೆಯ ಪಾಠ ಸ್ವಲ್ಪ ಭಯದ್ದು. ಇದೇ ಯಂತ್ರ ಕೆಟ್ಟ ದಿಕ್ಕಿಗೂ ಓಡುತ್ತದೆ. ಜೂನಿಯರ್ ಒಬ್ಬನನ್ನು ಗೇಲಿ ಮಾಡಿದ ಮೇಲೆ 'ನಾನು ಒಳ್ಳೆಯವನು' ಎಂಬುದಕ್ಕೂ 'ನಾನು ಅವನನ್ನು ಅಳಿಸಿದೆ' ಎಂಬುದಕ್ಕೂ ತಿಕ್ಕಾಟ. ಅದನ್ನು ಮುಗಿಸಲು ಸುಲಭದ ದಾರಿ 'ಅವನು ಅದಕ್ಕೇ ಲಾಯಕ್ಕು' ಎಂದುಕೊಳ್ಳುವುದು. ದ್ವೇಷ ಇದ್ದುದರಿಂದ ಗೇಲಿ ಮಾಡುವುದಿದೆ. ಗೇಲಿ ಮಾಡಿದ್ದರಿಂದ ದ್ವೇಷ ಹುಟ್ಟುವುದೂ ಇದೆ.

ಒಳ್ಳೆಯ ದಿಕ್ಕಿಗೆ ನಮ್ಮ ನಾಡಿನದೇ ಉದಾಹರಣೆ ಬಾನು ಮುಷ್ತಾಕ್. ಎಂಟು ವರ್ಷದವರಿದ್ದಾಗ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕು ಎಂಬ ಷರತ್ತಿನ ಮೇಲೆ. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು. 2025ರಲ್ಲಿ ಅವರ ಕನ್ನಡ ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್' ಕೃತಿಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಭಾಷೆ ನಮ್ಮದು ಅನ್ನಿಸಿದ ಮೇಲೆ ಬರೆಯೋಣ ಎಂದು ಕಾದಿದ್ದರೆ ಬರೆಯುವ ದಿನವೇ ಬರುತ್ತಿರಲಿಲ್ಲವೇನೋ.

ಒಂದೇ ಟೀಮ್, ಎದುರು ಟೀಮ್

ಗುಂಪುಗಳ ನಡುವಿನ ಪೂರ್ವಗ್ರಹ ಹೋಗಬೇಕಾದರೆ ಜನ ಬರೀ ಹತ್ತಿರ ಬಂದರೆ ಸಾಲದು ಎಂದು ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದರು. ಅವರು ನಾಲ್ಕು ಷರತ್ತು ಹೇಳಿದರು: ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗದಂತೆ ಕೂಡಿ ಕೆಲಸ ಮಾಡಬೇಕು, ಮೇಲಿನವರ ಮತ್ತು ನಿಯಮಗಳ ಬೆಂಬಲ ಇರಬೇಕು.

ಭಾರತದಲ್ಲೇ ಇದನ್ನು ಪರೀಕ್ಷಿಸಿದ್ದಾರೆ. ಮ್ಯಾಟ್ ಲೋವ್ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವರಿಗೆ ಒಂದು ತಿಂಗಳ ಕ್ರಿಕೆಟ್ ಲೀಗ್ ನಡೆಸಿದರು. ಕೆಲವು ತಂಡಗಳಲ್ಲಿ ಒಂದೇ ಜಾತಿಯವರು, ಕೆಲವು ತಂಡಗಳಲ್ಲಿ ಬೆರಕೆ. 2021ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಒಂದೇ ತಂಡದಲ್ಲಿ ಆಡಿದವರಲ್ಲಿ ಬೇರೆ ಜಾತಿಯ ಗೆಳೆಯರು ಹೆಚ್ಚಾದರು, ಸ್ವಂತ ಜಾತಿಯವರಿಗೇ ಒಲವು ತೋರುವುದು ಕಡಿಮೆಯಾಯಿತು, ಬೇರೆಯವರೊಡನೆ ವಸ್ತು ಅದಲುಬದಲಿನ ವ್ಯವಹಾರವೂ ಸುಧಾರಿಸಿತು. ಎದುರಾಳಿಗಳಾಗಿ ಮಾತ್ರ ಭೇಟಿಯಾದವರಲ್ಲಿ ಈ ಲಾಭ ಕಾಣಲಿಲ್ಲ. ಅದೇ ಮೈದಾನ, ಅದೇ ಬ್ಯಾಟು. ವ್ಯತ್ಯಾಸ ಯಾರ ರನ್ ಯಾರಿಗೆ ಬೇಕಿತ್ತು ಎನ್ನುವುದರಲ್ಲಿ.

ದೆಹಲಿಯಲ್ಲಿ 2007ರಲ್ಲಿ ಶ್ರೀಮಂತರ ಅನೇಕ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಮೀಸಲಿಡಬೇಕಾಯಿತು. ಗೌತಮ್ ರಾವ್ ನಡೆಸಿದ ಅಧ್ಯಯನದಲ್ಲಿ ಬಡ ಮಕ್ಕಳ ಜೊತೆ ಕೂತು ಓದಿದ ಶ್ರೀಮಂತ ಮಕ್ಕಳು ಹೆಚ್ಚು ಉದಾರವಾಗಿದ್ದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಬಡವನೆಂಬ ಕಾರಣಕ್ಕೆ ವೇಗದ ಓಟಗಾರನನ್ನು ಬಿಡುವುದು ಅವರಲ್ಲಿ ಕಡಿಮೆ. ಇಲ್ಲಿ ಮೊದಲು ಬಂದದ್ದು ನಿಯಮ. ಮನಸ್ಸು ಆಮೇಲೆ ಬಂತು.

ಮಿತಿಯನ್ನೂ ಹೇಳಬೇಕು. ಇರಾಕಿನಲ್ಲಿ ಸಲ್ಮಾ ಮೂಸಾ ಕ್ರೈಸ್ತ ಫುಟ್‌ಬಾಲ್ ಆಟಗಾರರ ಕೆಲವು ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ನೋಡಿದರು. ಮೈದಾನದೊಳಗೆ ಸ್ನೇಹ ಬೆಳೆಯಿತು, ಲೀಗ್ ಮುಗಿದ ಮೇಲೂ ಕೂಡಿ ಅಭ್ಯಾಸ ಮಾಡಿದರು. ಆದರೆ ಪರಿಚಯವಿಲ್ಲದ ಮುಸ್ಲಿಮರ ಬಗ್ಗೆ ಮೈದಾನದ ಹೊರಗಿನ ನಡವಳಿಕೆ ಅಷ್ಟಾಗಿ ಬದಲಾಗಲಿಲ್ಲ. 2020ರಲ್ಲಿ ಇದು ಪ್ರಕಟವಾಯಿತು. ಹೀಗಾಗಿ ನಾವು ಒಬ್ಬೊಬ್ಬರು ಒಳ್ಳೆಯವರಾಗಿ ನಡೆದುಕೊಂಡರೆ ಸಾಕು, 0.33 ತಾನಾಗಿ 1 ಆಗುತ್ತದೆ ಎಂದು ಹೇಳಲಾಗದು. ಅದಕ್ಕೆ ಆಲ್‌ಪೋರ್ಟ್ ಅವರ ನಾಲ್ಕನೇ ಷರತ್ತು, ಅಂದರೆ ನಿಯಮ ಮತ್ತು ಅಧಿಕಾರದ ಬೆಂಬಲ ಬೇಕೇ ಬೇಕು. ಅರ್ಜಿ ಓದುವವರ ಮೇಲೆ ಇರುವ ಹೊಣೆಯನ್ನು ಅರ್ಜಿ ಹಾಕುವವರ ತಲೆ ಮೇಲೆ ಹಾಕುವುದು ನ್ಯಾಯವಲ್ಲ.

ನಮ್ಮ ಕ್ಲಾಸಿನಲ್ಲಿ ಏನು ಮಾಡಬಹುದು?

ನಮ್ಮ ಕೈಯಲ್ಲಿರುವ ಮೈದಾನವೂ ಒಂದಿದೆ. ನಮ್ಮ ಕ್ಲಾಸಿನ ಬೆಂಚುಗಳನ್ನು ನೋಡಿ. ಉರ್ದು ಮಾಧ್ಯಮದಿಂದ ಬಂದವರು ಒಂದು ಕಡೆ, ಕನ್ನಡ ಮಾಧ್ಯಮದವರು ಒಂದು ಕಡೆ, ಇಂಗ್ಲಿಷ್ ಮಾಧ್ಯಮದವರು ಮುಂದೆ. ಯಾರೂ ಹೀಗೆ ಕೂರಲು ಹೇಳಿಲ್ಲ. ಯಾರೂ ಯಾರನ್ನೂ ದ್ವೇಷಿಸುವುದಿಲ್ಲ. ಆದರೂ ಪಿಯು ಮುಗಿಯುವವರೆಗೆ ಒಬ್ಬರ ಹೆಸರು ಒಬ್ಬರಿಗೆ ಸರಿಯಾಗಿ ಗೊತ್ತಿರುವುದಿಲ್ಲ.

ಅಮೆರಿಕದ ಆಸ್ಟಿನ್ ನಗರದಲ್ಲಿ 1971ರಲ್ಲಿ, ಬಿಳಿಯ, ಕರಿಯ, ಹಿಸ್ಪಾನಿಕ್ ಮಕ್ಕಳು ಮೊದಲ ಬಾರಿಗೆ ಒಂದೇ ಕ್ಲಾಸಿನಲ್ಲಿ ಕೂತಾಗ ಜಗಳ ಶುರುವಾಯಿತು. ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಒಂದು ಉಪಾಯ ಮಾಡಿದರು. ಮಕ್ಕಳನ್ನು ಬೆರಕೆ ಗುಂಪುಗಳಾಗಿ ಮಾಡಿ ಪಾಠವನ್ನು ತುಂಡು ತುಂಡಾಗಿ ಹಂಚಿದರು. ಪ್ರತಿಯೊಬ್ಬರೂ ತಮ್ಮ ತುಂಡನ್ನು ಕಲಿತು ಉಳಿದವರಿಗೆ ಹೇಳಿಕೊಡಬೇಕು. ಇನ್ನೊಬ್ಬರ ಮಾತನ್ನು ಗಮನವಿಟ್ಟು ಕೇಳದಿದ್ದರೆ ಪರೀಕ್ಷೆಯಲ್ಲಿ ತನಗೇ ನಷ್ಟ. ಇದಕ್ಕೆ 'ಜಿಗ್ಸಾ ಕ್ಲಾಸ್‌ರೂಮ್' ಎಂದು ಹೆಸರು. ಮಕ್ಕಳ ನಡುವೆ ಹಗೆತನ ಕಡಿಮೆಯಾಗಿ ಸ್ನೇಹ ಹೆಚ್ಚಿತು.

ಇದಕ್ಕೆ ಫಂಡು ಬೇಡ, ಅತಿಥಿ ಭಾಷಣಕಾರರೂ ಬೇಡ. ಐದು ಜನರ ಗುಂಪು ಮಾಡಿ, ಗುಂಪಿನಲ್ಲಿ ಮೂರೂ ಮಾಧ್ಯಮದವರು ಇರಲಿ. ಕನ್ನಡ ಪದ್ಯ ಒಬ್ಬರ ಪಾಲು, ಅಕೌಂಟೆನ್ಸಿಯ ಒಂದು ಅಧ್ಯಾಯ ಒಬ್ಬರ ಪಾಲು, ಉಳಿದದ್ದು ಉಳಿದವರಿಗೆ. ಗುಂಪನ್ನು ಚೀಟಿ ಎತ್ತಿ ಮಾಡಿದರೆ ಯಾರಿಗೂ ಬೇಸರವಿಲ್ಲ. ಕಾಮರ್ಸ್ ಫೆಸ್ಟ್ ಸ್ಟಾಲ್‌ಗಳಿಗೂ ಕ್ರಿಕೆಟ್ ಟೀಮಿಗೂ ಇದೇ ರೀತಿ ಹೆಸರು ಎತ್ತಬಹುದು. ಆಲ್‌ಪೋರ್ಟ್ ಹೇಳಿದ 'ಮೇಲಿನವರ ಬೆಂಬಲ' ನಮ್ಮ ಮಟ್ಟದಲ್ಲಿ ಕ್ಲಾಸ್ ಟೀಚರ್ ಸಹಿ ಹಾಕಿದ ಒಂದು ಪಟ್ಟಿ, ಅಷ್ಟೇ. ಮುಂದಿನ ಯೂನಿಟ್ ಟೆಸ್ಟ್‌ವರೆಗೆ ಒಂದು ಸೆಕ್ಷನ್‌ನಲ್ಲಾದರೂ ಇದನ್ನು ಮಾಡಿ ನೋಡೋಣ ಎಂದು ನಮ್ಮ ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ. ಮೊದಲ ದಿನ ಮುಜುಗರ ಆಗಬಹುದು. ಮನಸ್ಸು ಒಪ್ಪಿದ ಮೇಲೆ ಶುರು ಮಾಡೋಣ ಎಂದು ಮಾತ್ರ ಕಾಯುವುದು ಬೇಡ.